ಸ್ಪೈಡರ್‌ಮ್ಯಾನ್ ಮುಖವಾಡ ಯಾಕೆ ತೆಗೆದ? ಮೇಲಿನಮನೆ ಗುಂಪಿನ ಜಗಳ

ನಮ್ಮ 'ಮೇಲಿನಮನೆ ಬಳಗ' ಗುಂಪಿನಲ್ಲಿ ಅಡಿಕೆ ಧಾರಣೆ, ಮಳೆ, ಯಾರ ಮನೆಯಲ್ಲಿ ಪೂಜೆ ಇವಿಷ್ಟೇ ಇರುತ್ತವೆ. ಮೊನ್ನೆ ಮಾತ್ರ ಕಾಮಿಕ್ಸ್ ವಿಷಯಕ್ಕೆ ಜಗಳ ಬಿತ್ತು. ನಾವೆಲ್ಲ ದುಡ್ಡು ಹಾಕಿ ತರಿಸಿದ ಮಾರ್ವೆಲ್‌ನ 'ಸಿವಿಲ್ ವಾರ್' ಪುಸ್ತಕ ತೀರ್ಥಹಳ್ಳಿ ಹತ್ತಿರದ ಹಳೇ ಮನೆಯಲ್ಲಿದೆ. ಅದನ್ನು ಹೇಗೆ ಓದಬೇಕು ಅಂತ ಚಿನ್ಮಯ ಬೆಂಗಳೂರಿನಿಂದ ಒಂದು ಪಟ್ಟಿ ಹಾಕಿದ. ಅಡಿಕೆ ಫಾರ್ವರ್ಡುಗಳನ್ನು ತೆಗೆದು ಉಳಿದದ್ದನ್ನು ಹಾಗೇ ಇಟ್ಟಿದ್ದೇನೆ.

ಚಿನ್ಮಯ: ನಿಧಿ, ಈ ಕ್ರಮದಲ್ಲೇ ಓದು. ನಮ್ಮ ಪುಸ್ತಕದ ಒಂದನೇ ಸಂಚಿಕೆ ಓದಿ ನಿಲ್ಲಿಸು. ಆಮೇಲೆ ಪಟ್ಟಿಯಲ್ಲಿರುವ, ಇದೇ ಕಥೆಗೆ ಸೇರಿದ ಬೇರೆ ಹೀರೋಗಳ ಕಾಮಿಕ್ಸು. ಆಮೇಲೆ ಎರಡನೆಯದು.

ನಿಧಿ (ಅಮ್ಮನ ಫೋನಿಂದ): ಅಣ್ಣಾ, ಎಷ್ಟು ಸ್ಕ್ರಾಲ್ ಮಾಡಿದರೂ ಪಟ್ಟಿ ಮುಗಿಯುತ್ತಿಲ್ಲ. ಇಲ್ಲಿ ಇರುವುದು ಒಂದೇ ಪುಸ್ತಕ. ನಾನು ಆಗಲೇ ಆರನೇ ಸಂಚಿಕೆಯಲ್ಲಿದ್ದೇನೆ.

ಚಿನ್ಮಯ: ಅಯ್ಯೋ, ನಿಲ್ಲಿಸು!

ಸುಮತ್ತೆ: ಯಾಕೆ ನಿಲ್ಲಿಸಬೇಕು? ಇರುವುದೇ ಏಳು ಸಂಚಿಕೆ. ಊರಿಗೆ ಬಂದಾಗ ನಾನು ಒಂದೇ ಮಧ್ಯಾಹ್ನದಲ್ಲಿ ಓದಿದೆ. ಸ್ಟ್ಯಾಮ್‌ಫರ್ಡ್ ಎಂಬ ಊರಲ್ಲಿ ಟಿವಿ ಶೋಗೋಸ್ಕರ ಕಾದಾಡಲು ಹೋದ ಹುಡುಗು ಹೀರೋಗಳಿಂದ ಅನಾಹುತ ಆಗುತ್ತದೆ. ನೂರಾರು ಜನ ಸಾಯುತ್ತಾರೆ. ಹೀರೋಗಳೆಲ್ಲ ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು ಅಂತ ಕಾನೂನು ಬರುತ್ತದೆ. ಐರನ್ ಮ್ಯಾನ್ ಹೂಂ ಅನ್ನುತ್ತಾನೆ, ಕ್ಯಾಪ್ಟನ್ ಅಮೆರಿಕಾ ಉಹೂಂ ಅನ್ನುತ್ತಾನೆ. ಇದರಲ್ಲಿ ತಿಳಿಯದ್ದು ಏನಿದೆ? ತಾಳಮದ್ದಲೆಯಲ್ಲಿ ಅಭಿಮನ್ಯು ಕಾಳಗ ಇದ್ದರೆ ಆದಿಪರ್ವದಿಂದ ಓದಿಕೊಂಡು ಹೋಗಿ ಕೂರುತ್ತೇವಾ?

ಚಿನ್ಮಯ: ಜಯದ್ರಥನಿಗೆ ಶಿವ ಕೊಟ್ಟ ವರ ಗೊತ್ತಿಲ್ಲದಿದ್ದರೆ ಅಂಥ ಭೀಮನೂ ಚಕ್ರವ್ಯೂಹದ ಹೊರಗೇ ಯಾಕೆ ಉಳಿದ ಅಂತ ಹೇಗೆ ಗೊತ್ತಾಗುತ್ತದೆ ಅತ್ತೆ?

ಸುಮತ್ತೆ: ಅದನ್ನು ಅರ್ಥ ಹೇಳುವವರು ಅಲ್ಲೇ ಹೇಳುತ್ತಾರೆ ಮಾಣಿ.

ಚಿನ್ಮಯ: ಇಲ್ಲಿ ಹೇಳುವವರು ಯಾರಿದ್ದಾರೆ? ಹಳೇ ಕಾಮಿಕ್ಸುಗಳಲ್ಲಾದರೆ ನಕ್ಷತ್ರದ ಗುರುತು ಹಾಕಿ, ಮೂಲೆಯ ಚೌಕದಲ್ಲಿ ಇಂಥ ಸಂಚಿಕೆ ನೋಡಿ ಅಂತ ಸಂಪಾದಕರು ಬರೆಯುತ್ತಿದ್ದರು. ಈಗ ಅದು ಅಪರೂಪ. ಅದಕ್ಕೇ ಪಟ್ಟಿ.

ನಿಧಿ: ಒಂದು ಕಡೆ ಮಾತ್ರ ನಿಜವಾಗಿ ತಲೆ ಕೆಟ್ಟಿತು. ಎರಡನೇ ಸಂಚಿಕೆಯ ಕೊನೆಯಲ್ಲಿ ಸ್ಪೈಡರ್‌ಮ್ಯಾನ್ ಆ ಕಾನೂನಿಗೆ ಒಪ್ಪಿ ಎಲ್ಲರೆದುರು ಮುಖವಾಡ ತೆಗೆದು ನಾನು ಪೀಟರ್ ಪಾರ್ಕರ್ ಅನ್ನುತ್ತಾನೆ. ಐದನೆಯದರಲ್ಲಿ ನೋಡಿದರೆ ಐರನ್ ಮ್ಯಾನ್ ಜೊತೆಗೇ ಹೊಡೆದಾಟ. ತೆಗೆದದ್ದು ಯಾಕೆ, ತಿರುಗಿಬಿದ್ದದ್ದು ಯಾಕೆ?

ನಾನು: ಆ ಪ್ರಶ್ನೆ ಹಿಡಿದು ಹೋಗು, ಪಟ್ಟಿ ಬಿಡು. 'ಅಮೇಜಿಂಗ್ ಸ್ಪೈಡರ್‌ಮ್ಯಾನ್' ಕಾಮಿಕ್ಸಿನ 532ನೇ ಸಂಚಿಕೆಯಿಂದ 538ರವರೆಗೆ ಉತ್ತರ ಇದೆ. ಏಳೂ ಸೇರಿ ಒಂದೇ ಪುಸ್ತಕವಾಗಿ ಬಂದಿದೆ. ಮುಖವಾಡ ತೆಗೆಯುವ ಮೊದಲು ಅವನು ಮನೆಯಲ್ಲಿ ಹೆಂಡತಿ ಹತ್ತಿರ, ಮೇ ಅತ್ತೆ ಹತ್ತಿರ ಕೂತು ಮಾತಾಡುತ್ತಾನೆ. ಆಮೇಲೆ ಒಪ್ಪದ ಹೀರೋಗಳನ್ನು ಕೂಡಿಹಾಕಿದ ನೆಗೆಟಿವ್ ಝೋನ್ ಜೈಲನ್ನು ಐರನ್ ಮ್ಯಾನ್ ತೋರಿಸುತ್ತಾನೆ. ಅಲ್ಲಿಂದ ಪೀಟರ್ ಮನಸ್ಸು ಮುರಿಯುತ್ತದೆ.

ಸುಮತ್ತೆ: ಮೇ ಅತ್ತೆ ಅಲ್ಲ. ಅಪ್ಪನ ಅಣ್ಣನ ಹೆಂಡತಿ. ದೊಡ್ಡಮ್ಮ.

ನಾನು: ಆಂಟಿ ಅಂದರೆ ಅತ್ತೆ ಅಂದುಕೊಂಡಿದ್ದೆ.

ಸುಮತ್ತೆ: ಸಂಬಂಧ ಗೊತ್ತಿಲ್ಲದೆ ಓದಿದರೆ ಹೀಗೇ ಆಗುವುದು.

(ಇಲ್ಲಿ ಮೇ ಯಾರಿಗೆ ಏನಾಗಬೇಕು ಅಂತ ಇಪ್ಪತ್ತು ಮೆಸೇಜು ನಡೆಯಿತು. ಬಿಟ್ಟಿದ್ದೇನೆ.)

ಚಿನ್ಮಯ: ಕ್ರಮ ಬೇಡ ಅನ್ನುವವರು ಇದಕ್ಕೆ ಉತ್ತರ ಕೊಡಿ. 2006ರಲ್ಲಿ ನಾಲ್ಕನೇ ಸಂಚಿಕೆ ತಡವಾಯಿತು. ಸ್ಟೀವ್ ಮೆಕ್‌ನಿವನ್ ಅವರ ಚಿತ್ರಗಳು ಮುಗಿದಿರಲಿಲ್ಲ. ಬೇರೆಯವರ ಕೈಲಿ ಬರೆಸದೆ ಮಾರ್ವೆಲ್ ಕಾಯಿತು. ಜೊತೆಗೆ ಆ ಕಥೆಗೆ ಸೇರಿದ ಬೇರೆ ಕಾಮಿಕ್ಸುಗಳನ್ನೂ ತಡೆದಿಟ್ಟಿತು, ಗುಟ್ಟು ಮೊದಲೇ ಹೊರಬೀಳುತ್ತದೆ ಅಂತ. ಕ್ರಮ ಮುಖ್ಯ ಅಲ್ಲದಿದ್ದರೆ ಯಾಕೆ ಕಾಯುತ್ತಿದ್ದರು?

(ಒಳ್ಳೇ ಏಟು. ಗುಂಪಿನಲ್ಲಿ ಒಪ್ಪಿಕೊಳ್ಳಲಿಲ್ಲ, ಇಲ್ಲಿ ಒಪ್ಪಿಕೊಳ್ಳುತ್ತೇನೆ.)

ನಾನು: ಅದೇ ಮಾರ್ವೆಲ್ 1984ರಲ್ಲಿ ಏನು ಮಾಡಿತು? 'ಸೀಕ್ರೆಟ್ ವಾರ್ಸ್' 12 ಸಂಚಿಕೆ, ಮುಗಿಯಲು ಒಂದು ವರ್ಷ. ಹೀರೋಗಳನ್ನೆಲ್ಲ ಬೇರೆ ಗ್ರಹಕ್ಕೆ ಎಳೆದುಕೊಂಡು ಹೋಗುತ್ತಾರೆ. ಆದರೆ ಮೊದಲ ಸಂಚಿಕೆ ಬಂದ ಹೊತ್ತಿಗೇ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 252ರಲ್ಲಿ ಅವನು ಕಪ್ಪು ಬಟ್ಟೆ ಹಾಕಿಕೊಂಡು ವಾಪಸ್ ಬಂದಿದ್ದಾನೆ! ಆ ಬಟ್ಟೆ ಎಲ್ಲಿ ಸಿಕ್ಕಿತು ಅಂತ ತೋರಿಸಿದ್ದು ಸೀಕ್ರೆಟ್ ವಾರ್ಸ್ ಎಂಟನೇ ಸಂಚಿಕೆಯಲ್ಲಿ. ಆಗಿನ ಹುಡುಗರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡರು. ಈಗ ಯಾರಾದರೂ ಕಥೆ ನಡೆದ ಕ್ರಮದಲ್ಲಿ ಜೋಡಿಸಿಕೊಟ್ಟರೆ ಆ ಮಜಾನೇ ಹೋಗುತ್ತದೆ. ನಿಧಿಗೆ ಈಗ ತಲೆ ಕೆಟ್ಟಿದೆ ಅಲ್ವಾ? ಕೆಡಲಿ. ಅದರಿಂದಲೇ ಮುಂದಿನ ಪುಸ್ತಕ ಓದುತ್ತಾಳೆ.

ಚಿನ್ಮಯ: ನನ್ನ ಪಟ್ಟಿಯಲ್ಲೂ ಆ ಏಳು ಸಂಚಿಕೆ ಇವೆ.

ನಾನು: ಇವೆ, ಬೇರೆ ಎಲ್ಲದರ ಮಧ್ಯೆ.

ಶ್ರೀಧರ ಚಿಕ್ಕಪ್ಪ: ಕರೆಂಟ್ ಈಗ ಬಂತು. ಇಷ್ಟೊತ್ತು ಓದಿದೆ, ಏನೂ ತಿಳಿಯಲಿಲ್ಲ. ಅದಕ್ಕೆ ನಾನೇ ಹುಡುಕಿ ನೋಡಿದೆ. ಕೊನೆಗೆ ಕ್ಯಾಪ್ಟನ್ ಗೆಲ್ಲುವ ಹೊತ್ತಿಗೆ ತಾನೇ ಶರಣಾಗುತ್ತಾನಂತೆ. ಆಮೇಲೆ ಅವನ ಸ್ವಂತ ಪುಸ್ತಕದ 25ನೇ ಸಂಚಿಕೆಯಲ್ಲಿ ಗುಂಡು ಹೊಡೆಯುತ್ತಾರಂತೆ. ಮುಗಿಯಿತಲ್ಲ, ಸುಮ್ನೆ ಯಾಕೆ ಜಗಳ?

ನಿಧಿ: ಚಿಕ್ಕಪ್ಪಾ!!!!!

ಚಿನ್ಮಯ: ಏಳನೆಯದನ್ನು ಅವಳು ಇನ್ನೂ ಓದಿಲ್ಲ ಚಿಕ್ಕಪ್ಪ.

ಶ್ರೀಧರ ಚಿಕ್ಕಪ್ಪ: ಹಾಕಿದ್ದನ್ನು ಅಳಿಸುವುದು ಹೇಗೆ?

ಸುಮತ್ತೆ: ಹೋಗಲಿ ಬಿಡು ಕೂಸೇ. ಅಭಿಮನ್ಯು ಸಾಯುತ್ತಾನೆ ಅಂತ ಗೊತ್ತಿದ್ದೂ ನಾವು ಬೆಳಗಿನ ತನಕ ಕೂರುವುದಿಲ್ಲವಾ?

ನಿಧಿ: ಅವನು ಸಾಯುವುದು ನಿಮಗೆ ಹುಟ್ಟಿದಾಗಿನಿಂದ ಗೊತ್ತು ಅತ್ತೆ. ನನಗೆ ಇದು ಒಂದು ನಿಮಿಷದ ಹಿಂದೆ ಗೊತ್ತಾಯಿತು.

(ಹತ್ತು ನಿಮಿಷ ಯಾರೂ ಏನೂ ಹಾಕಲಿಲ್ಲ.)

ಶ್ರೀಧರ ಚಿಕ್ಕಪ್ಪ: ಆ ಸ್ಪೈಡರ್‌ಮ್ಯಾನ್ ಪುಸ್ತಕಕ್ಕೆ ನನ್ನ ಪಾಲಿನ ದುಡ್ಡು ಡಬಲ್ ಹಾಕುತ್ತೇನೆ. ಯಾರು ತರಿಸುತ್ತೀರಿ?

ಚಿನ್ಮಯ: ನಾನು ತರಿಸಿ, ಶುಕ್ರವಾರ ರಾತ್ರಿ ಬಸ್ಸಿಗೆ ಬರುವಾಗ ತರುತ್ತೇನೆ. ಓದುವ ಕ್ರಮ...

ನಿಧಿ: ಅಣ್ಣಾ, ಬೇಡ.

ಸುಮತ್ತೆ: ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಾ. ಇಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ.