ಅಪ್ಪನ ಹಳೇ ಮನೆಗೆ ಬೆಲೆ ಕಟ್ಟುವುದು ಹೇಗೆ? – ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ಮೈಸೂರಿನ ಚಾಮರಾಜಪುರಂನಲ್ಲಿ 60×90 ಅಡಿ ಸೈಟು. ಅದರಲ್ಲಿ 9 ಚದರದ (900 ಚದರ ಅಡಿ) ಹಳೇ ಮನೆ, ಜೊತೆಗೆ ಮರ, ಬಾವಿ. 1940ರ ದಶಕದಲ್ಲಿ ಯಾರೋ ಕಟ್ಟಿಸಿದ್ದನ್ನು ಅಪ್ಪ 1971ರಲ್ಲಿ ಸ್ವಂತ ದುಡಿಮೆಯಲ್ಲಿ ಕೊಂಡರು. ಈಗ ಅಪ್ಪ ಇಲ್ಲ, ವಿಲ್ ಬರೆದಿಲ್ಲ. ಅಮ್ಮ ಅಲ್ಲೇ ಇದ್ದಾರೆ. ‘ಕಟ್ಟಡಕ್ಕೆ ಬೆಲೆ ಸೊನ್ನೆ, ಕೆಡವುವ ಖರ್ಚನ್ನೂ ಕಳೆದು ಮೂರು ಪಾಲು ಮಾಡೋಣ’ ಅನ್ನುತ್ತಾರೆ ಅಣ್ಣ. ದುಬೈಯಲ್ಲಿರುವ ತಮ್ಮನಿಗೆ ಬಿಲ್ಡರ್‌ಗೆ ಕೊಡುವ ಆಸೆ. ಪತ್ರ ಬರೆದ ಮಗಳಿಗೆ ಮನೆ ಉಳಿಸಿಕೊಳ್ಳುವ ಆಸೆ. ನ್ಯಾಯವಾದ ಬೆಲೆ ಯಾವುದು ಎಂದು ಅವರು ಕೇಳಿದ್ದರು.

ಮೊದಲು ಸೂರು ನೋಡಿ

ತಾಯಿ, ಬೆಲೆಯ ಮಾತು ಆಮೇಲೆ. ಆ ಮನೆಯ ತಾರಸಿ ಹತ್ತಿ ಯಾರಾದರೂ ಸರಿಯಾಗಿ ನೋಡಿದ್ದಾರಾ?

ನೀವು ಬರೆದ ಪ್ರಕಾರ ಒಳಗಿನ ಕೋಣೆಗಳಿಗೆ ಮದ್ರಾಸ್ ತಾರಸಿ ಇದೆ. ಅಂದರೆ ಮರದ ತೊಲೆ, ಅದರ ಮೇಲೆ ಜಂತೆ, ಜಂತೆಗಳ ಮೇಲೆ ನಿಲ್ಲಿಸಿ ಜೋಡಿಸಿದ ತೆಳು ಇಟ್ಟಿಗೆ, ಎಲ್ಲಕ್ಕೂ ಮೇಲೆ ಸುಣ್ಣದ ಗಾರೆ. ಇಂಥ ಸೂರಿನ ಆಯಸ್ಸು ಇರುವುದು ತೊಲೆಯ ತುದಿಯಲ್ಲಿ, ಗೋಡೆಯೊಳಗೆ ಹುದುಗಿರುವ ಭಾಗದಲ್ಲಿ. ಮಳೆನೀರು ಇಳಿದರೆ ಮೊದಲು ಕೊಳೆಯುವುದು ಅಲ್ಲೇ. ನಡುವೆ ತೊಲೆ ಗಟ್ಟಿಯಾಗಿಯೇ ಕಾಣುತ್ತದೆ. ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆ ಕೋಣೆಯ ಸೂರನ್ನು ಬಿಚ್ಚಲೇಬೇಕು. ಹೋಗದಿದ್ದರೆ ಮೇಲಿನ ಗಾರೆ ದುರಸ್ತಿ ಮಾಡಿ, ನೀರು ನಿಲ್ಲದಂತೆ ಇಳಿಜಾರು ಕೊಟ್ಟರೆ ಮನೆ ಇನ್ನೂ ಬಹಳ ವರ್ಷ ಬಾಳುತ್ತದೆ.

ಗೋಡೆಯ ಬುಡದಲ್ಲಿ ಬಣ್ಣ ಸಿಪ್ಪೆಯೇಳುತ್ತಿದೆ ಅಂದಿದ್ದೀರಿ. ಮಧ್ಯೆ ಯಾವಾಗಲೋ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಮೇಲೆ ಎಮಲ್ಶನ್ ಬಳಿದಿರಬಹುದು. ಸುಣ್ಣದ ಗಾರೆಯಿದ್ದ ಗೋಡೆ ನೆಲದ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ. ಇದಕ್ಕೆ ಮನೆ ಕೆಡವಬೇಕಾಗಿಲ್ಲ, ಪ್ಲಾಸ್ಟರ್ ಕೆತ್ತಿಸಿ ಮತ್ತೆ ಸುಣ್ಣದ ಗಾರೆ ಮಾಡಿಸಬೇಕು. ಆದರೆ ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು ಕಂಡರೆ ಬೇರೆ ಮಾತು. ಪಾಯ ಕುಸಿದಿರುವ ಸಾಧ್ಯತೆ ಇದೆ. ಒಂದು ಕಡೆ ಅಗೆಸಿ ನೋಡಿ.

ವೈರಿಂಗ್, ನೀರಿನ ಜಿಐ ಪೈಪು, ಒಳಚರಂಡಿ ಮೂರನ್ನೂ ಹೊಸದಾಗಿ ಮಾಡಿಸಬೇಕು ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಆ ಕಾಲದ ವೈರಿಂಗ್‌ನಲ್ಲಿ ಅರ್ಥಿಂಗ್ ಇರುವುದೇ ಅಪರೂಪ. ಇದರ ಮೇಲೆ ಮಹಡಿ ಎತ್ತುವ ಯೋಚನೆ ಮಾತ್ರ ಬೇಡ. ಈ ಸೂರು ಅದಕ್ಕಲ್ಲ. ಜಾಗ ಬೇಕಾದರೆ ಹಿತ್ತಿಲಲ್ಲಿ ಬೇರೆ ಪಾಯ ಹಾಕಿ ಕಟ್ಟಿ.

ನಿಮ್ಮ ಅಣ್ಣನ ಲೆಕ್ಕದಲ್ಲಿ ಒಂದು ತಿದ್ದುಪಡಿ. ಇಂಥ ಮನೆ ಕೆಡವಲು ಸಾಮಾನ್ಯವಾಗಿ ನಾವು ದುಡ್ಡು ಕೊಡಬೇಕಿಲ್ಲ. ತೇಗದ ತೊಲೆ, ಬಾಗಿಲು, ಕಿಟಕಿ, ಹೆಂಚು, ಕಲ್ಲಿಗೆ ಹಳೇ ಸಾಮಾನಿನವರು ತಾವೇ ದುಡ್ಡು ಕೊಟ್ಟು ಒಯ್ಯುತ್ತಾರೆ. ಆದ್ದರಿಂದ ಕಳೆಯುವ ಬದಲು ಕೂಡಿಸಬೇಕಾಗಬಹುದು.

– ನಿವೃತ್ತ ಸಿವಿಲ್ ಎಂಜಿನಿಯರ್, ಕುವೆಂಪುನಗರ, ಮೈಸೂರು

ಜಗಳ ಆಡುವುದಿದ್ದರೆ ನೆಲದ ದರಕ್ಕೆ ಆಡಿ

ಬ್ಯಾಂಕಿನಲ್ಲಿ ಮನೆ ಸಾಲದ ವಿಭಾಗದಲ್ಲಿ ಇದ್ದವನು ನಾನು. 5400 ಚದರ ಅಡಿ ನೆಲದಲ್ಲಿ ಮನೆ ಕೂತಿರುವುದು 900 ಚದರ ಅಡಿಯಲ್ಲಿ. ಆರರಲ್ಲಿ ಒಂದು ಪಾಲು. ಬೆಲೆಯ ಬಹುಪಾಲು ನೆಲದ್ದೇ, ಅದರಲ್ಲಿ ನಿಮ್ಮ ಅಣ್ಣ ಹೇಳುವುದು ಸರಿ.

ಲೆಕ್ಕ ಸುಲಭವಾಗಲಿ ಅಂತ ಚದರ ಅಡಿಗೆ 8,000 ರೂಪಾಯಿ ಅಂದುಕೊಳ್ಳಿ. ನೆಲಕ್ಕೇ 4.32 ಕೋಟಿ ಆಯಿತು. ಕಟ್ಟಡಕ್ಕೆ 5 ಲಕ್ಷವೋ 8 ಲಕ್ಷವೋ ಎಂದು ನೀವು ಒಂದು ವಾರ ವಾದ ಮಾಡಬಹುದು. ಆದರೆ ನೆಲದ ದರದಲ್ಲಿ ಬರೀ 500 ರೂಪಾಯಿ ಹೆಚ್ಚುಕಡಿಮೆಯಾದರೆ 27 ಲಕ್ಷ ಅತ್ತಿತ್ತ ಆಗುತ್ತದೆ! ಗಮನವೆಲ್ಲ ಅಲ್ಲಿರಲಿ.

ಪಕ್ಕದ ಬೀದಿಯ 30×40 ಸೈಟು ಎಷ್ಟಕ್ಕೆ ಹೋಯಿತೋ ಆ ದರವನ್ನು 5400ಕ್ಕೆ ಗುಣಿಸಬೇಡಿ. ಅಷ್ಟು ದೊಡ್ಡ ಮೊತ್ತ ಒಟ್ಟಿಗೆ ಕೊಡಬಲ್ಲವರು ಕಡಿಮೆ. ಹಾಗಾಗಿ ದೊಡ್ಡ ಸೈಟಿಗೆ ಅಡಿ ಲೆಕ್ಕದಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಡಿಮೆಯೇ ಸಿಗುತ್ತದೆ. ಸರ್ಕಾರದ ಮಾರ್ಗಸೂಚಿ ದರವೂ ನಿಜವಾದ ಮಾರುಕಟ್ಟೆ ದರ ಅಲ್ಲ. ಅದು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ. ಅದೇ ಬಡಾವಣೆಯಲ್ಲಿ ಇತ್ತೀಚೆಗೆ ನೋಂದಣಿಯಾದ ದೊಡ್ಡ ಸೈಟುಗಳನ್ನು ವಿಚಾರಿಸಿ. ಇಬ್ಬರು ನೋಂದಾಯಿತ ಮೌಲ್ಯಮಾಪಕರಿಂದ ಬೇರೆ ಬೇರೆ ವರದಿ ತರಿಸಿ. ಒಬ್ಬರನ್ನು ಅಣ್ಣನೇ ಆರಿಸಲಿ, ಇನ್ನೊಬ್ಬರನ್ನು ನೀವು.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಇರಲಿಲ್ಲ. ಮನೆ ಸೈಟಿನ ನಡುವೆ ಇದೆಯಾ, ಒಂದು ಪಕ್ಕಕ್ಕಿದೆಯಾ? ರಸ್ತೆ ಕಡೆಗೆ 60 ಅಡಿ ಇರುವುದು ದೊಡ್ಡ ಅನುಕೂಲ. ಮನೆ ಒಂದು ಪಕ್ಕದ 30 ಅಡಿಯೊಳಗೇ ಇದ್ದರೆ, ಉಳಿದ 30×90 ಜಾಗ ಸ್ವತಂತ್ರ ಸೈಟು ಆಗಬಹುದು. ಇದಕ್ಕೆ ಸೈಟು ವಿಭಜನೆಯ ಅನುಮತಿ ಬೇಕು. ಗೋಡೆಯಿಂದ ಹೊಸ ಗಡಿಗೆ ಎಷ್ಟು ಜಾಗ ಬಿಡಬೇಕು ಎಂಬುದನ್ನೂ ಪಾಲಿಕೆಯಲ್ಲಿ ಕೇಳಿಕೊಳ್ಳಿ. ಮನೆ ನಟ್ಟನಡುವೆ ಇದ್ದರೆ ಈ ದಾರಿ ಇಲ್ಲ. ಅದೇ ಮನೆ, ಅದೇ ಸೈಟು, ಆದರೂ ಇಷ್ಟರಿಂದಲೇ ಬೆಲೆ ಬೇರೆ ಆಗುತ್ತದೆ.

– ನಿವೃತ್ತ ಬ್ಯಾಂಕ್ ಅಧಿಕಾರಿ, ತುಮಕೂರು

ಪಾಲು ಮೂರಲ್ಲ, ನಾಲ್ಕು

ಅಕ್ಕಾ, ಬೆಲೆಗಿಂತ ಮೊದಲು ಭಾಗಾಕಾರ ಸರಿ ಮಾಡಿಕೊಳ್ಳಿ. ಅಪ್ಪನ ಸ್ವಯಾರ್ಜಿತ ಆಸ್ತಿ, ವಿಲ್ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು ಎಲ್ಲರಿಗೂ ಸಮಪಾಲು. ಅಂದರೆ ನಿಮ್ಮ ಅಮ್ಮನಿಗೂ ಕಾಲು ಭಾಗ ಇದೆ. ನಿಮ್ಮ ಪತ್ರದಲ್ಲಿ ಎಲ್ಲಿಯೂ ಅಮ್ಮನ ಅಭಿಪ್ರಾಯ ಕಾಣಲಿಲ್ಲ. ಅವರ ಸಹಿ ಇಲ್ಲದೆ ಮಾರಾಟವೂ ಇಲ್ಲ, ಬಿಲ್ಡರ್ ಒಪ್ಪಂದವೂ ಇಲ್ಲ.

ಹೀಗೆ ನೋಡಿದರೆ ದಾರಿ ಸ್ವಲ್ಪ ತೆರೆದುಕೊಳ್ಳುತ್ತದೆ. ಅಣ್ಣ ತಮ್ಮ ಇಬ್ಬರದೂ ಸೇರಿ ಅರ್ಧ. ನಿಮ್ಮದೂ ಅಮ್ಮನದೂ ಸೇರಿ ಅರ್ಧ. ಸೈಟನ್ನು ಕಾನೂನುಬದ್ಧವಾಗಿ ಎರಡು ಮಾಡಲು ಬಂದರೆ, ಮನೆಯಿರುವ ಅರ್ಧ ನಿಮ್ಮಿಬ್ಬರಿಗೆ, ಖಾಲಿ ಅರ್ಧ ಅವರಿಬ್ಬರಿಗೆ. ನೀವು ಕೋಟಿಗಟ್ಟಲೆ ಸಾಲ ಮಾಡುವ ಅಗತ್ಯವೇ ಬರುವುದಿಲ್ಲ. ಕಟ್ಟಡಕ್ಕೆ ನಿಂತ ಬೆಲೆಯಲ್ಲಿ ಅವರ ಪಾಲನ್ನು ಮಾತ್ರ ಕೊಟ್ಟರೆ ಸಾಕು. ಯಾವುದೇ ದಾರಿ ಹಿಡಿದರೂ ಮೊದಲು ಆಸ್ತಿಯ ಖಾತೆ ಎಲ್ಲರ ಹೆಸರಿಗೆ ಜಂಟಿಯಾಗಲಿ. 1971ರ ಕ್ರಯಪತ್ರ, ಅಂದಿನಿಂದ ಇಂದಿನವರೆಗಿನ ಋಣಭಾರ ಪ್ರಮಾಣಪತ್ರ (ಇಸಿ), ಕಂದಾಯ ರಸೀದಿ ಜೋಡಿಸಿಡಿ. ಕ್ರಯಪತ್ರದ ಚಕ್ಕುಬಂದಿಗೂ (ನಾಲ್ಕು ದಿಕ್ಕಿನ ಗಡಿ ವಿವರ) ಈಗಿರುವ ಕಾಂಪೌಂಡಿಗೂ ತಾಳೆಯಾಗುತ್ತದಾ ಎಂದು ಟೇಪ್ ಹಿಡಿದು ಅಳೆಸಿ. ಹಳೇ ಬಡಾವಣೆಗಳಲ್ಲಿ ಎರಡು ಮೂರು ಅಡಿ ವ್ಯತ್ಯಾಸ ಬರುವುದು ಹೊಸದೇನಲ್ಲ.

– ವಕೀಲರು, ಹಾಸನ

ಬಿಲ್ಡರ್‌ಗೆ ಕೊಡುವ ಮುನ್ನ

ನಮ್ಮ ಅತ್ತೆಯ ಮನೆಯೂ ಹೀಗೇ ಇತ್ತು. ಬೆಂಗಳೂರಿನ ಜಯನಗರದಲ್ಲಿ ದೊಡ್ಡ ಸೈಟು, ಚಿಕ್ಕ ಮನೆ. ಜಂಟಿ ಅಭಿವೃದ್ಧಿ ಅಂತ, ಅಂದರೆ ನೆಲ ನಮ್ಮದು, ಕಟ್ಟುವುದು ಅವರು, ಫ್ಲ್ಯಾಟ್‌ಗಳಲ್ಲಿ ಇಬ್ಬರಿಗೂ ಪಾಲು ಅಂತ, ಬಿಲ್ಡರ್ ಒಬ್ಬರಿಗೆ ಕೊಟ್ಟೆವು. ಎರಡು ವರ್ಷ ಅಂದವರು ಐದು ವರ್ಷ ಎಳೆದರು. ಒಪ್ಪಂದದಲ್ಲಿ ಬಾಡಿಗೆಯನ್ನು ಎರಡು ವರ್ಷಕ್ಕೆ ಮಾತ್ರ ಬರೆದಿತ್ತು. ಉಳಿದ ಮೂರು ವರ್ಷದ ಬಾಡಿಗೆ ನಮ್ಮ ಮೇಲೇ ಬಿತ್ತು. ಅತ್ತೆ ಬಾಡಿಗೆ ಮನೆಯಲ್ಲೇ ತೀರಿಕೊಂಡರು. ಅದು ಈಗಲೂ ನನಗೆ ನೋವಿನ ವಿಷಯ.

ನಿಮ್ಮ ತಮ್ಮನಿಗೆ ಇದನ್ನು ತಿಳಿಸಿ. ನೆಲ 500 ಚದರ ಮೀಟರ್ ದಾಟದಿದ್ದರೆ, ಅಥವಾ ಫ್ಲ್ಯಾಟ್ 8ಕ್ಕಿಂತ ಜಾಸ್ತಿ ಇಲ್ಲದಿದ್ದರೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ ಅಲ್ಲ. ನಿಮ್ಮ 60×90 ಸುಮಾರು 502 ಚದರ ಮೀಟರ್ ಆಗುತ್ತದೆ. ಬಿಲ್ಡರ್ 8 ಫ್ಲ್ಯಾಟ್‌ಗೆ ನಿಲ್ಲಿಸಿದರೆ ರೇರಾದ ಹೊರಗೆ ಉಳಿಯಬಹುದು. ಆಗ ನಿಮಗಿರುವ ರಕ್ಷಣೆ ಒಪ್ಪಂದದ ಕಾಗದ ಒಂದೇ. ನಿಮ್ಮ ಪಾಲು ಕಾರ್ಪೆಟ್ ಏರಿಯಾದಲ್ಲಾ (ಫ್ಲ್ಯಾಟ್ ಒಳಗಿನ ಬಳಸುವ ಜಾಗ), ಸೂಪರ್ ಬಿಲ್ಟಪ್‌ನಲ್ಲಾ (ಗೋಡೆ, ಮೆಟ್ಟಿಲಿನಂಥ ಸಾಮಾನ್ಯ ಜಾಗವೂ ಸೇರಿ)? ತಡವಾದರೆ ತಿಂಗಳಿಗೆ ಎಷ್ಟು ದಂಡ? ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ಸಿಗುವವರೆಗೂ ಬಾಡಿಗೆ ಕೊಡುತ್ತಾರಾ? ಇವು ಬರವಣಿಗೆಯಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ. ಅಮ್ಮನಿಗೆ 80 ದಾಟಿದೆ ಅಂದಿದ್ದೀರಿ. ಅವರಿಗೆ ಮೂರು ವರ್ಷ ಅಂದರೆ ಬಹಳ ದೊಡ್ಡದು.

– ಗೃಹಿಣಿ, ಬೆಂಗಳೂರು

ತೆರಿಗೆಯನ್ನೂ ಲೆಕ್ಕಕ್ಕೆ ಸೇರಿಸಿ

ದುಡ್ಡು ಪಡೆದು ಪಾಲು ಬಿಟ್ಟುಕೊಟ್ಟರೆ ಅದಕ್ಕೆ ಬಂಡವಾಳ ಲಾಭ ತೆರಿಗೆ ಇದೆ, ಒಡಹುಟ್ಟಿದವರ ನಡುವೆ ಆದರೂ. ಅಪ್ಪ 1971ರಲ್ಲಿ ಕೊಂಡ ಬೆಲೆಯ ಬದಲು 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಆದರೆ ಅದು ಆ ದಿನದ ಮಾರ್ಗಸೂಚಿ ಬೆಲೆಯನ್ನು ಮೀರುವಂತಿಲ್ಲ. ಮೌಲ್ಯಮಾಪಕರು ಬಂದಾಗ ಈಗಿನ ಬೆಲೆಯ ಜೊತೆ ಆ ದಿನದ ಬೆಲೆಗೂ ವರದಿ ಬರೆಸಿ. ಇಲ್ಲೇ ಇರುವ ಅಣ್ಣನಿಗೆ ಎರಡು ಆಯ್ಕೆ: ಹಣದುಬ್ಬರ ಸೂಚ್ಯಂಕ ಸೇರಿಸಿಕೊಂಡು 20%, ಸೇರಿಸದೆ 12.5%. ಯಾವುದು ಕಡಿಮೆಯೋ ಅದು. ಅನಿವಾಸಿಯಾದ ತಮ್ಮನಿಗೆ ಈ ಆಯ್ಕೆ ಇಲ್ಲ, 12.5% ಮಾತ್ರ. ತಮ್ಮನಿಗೆ ಹಣ ಕೊಡುವವರು ನೀವೇ ಆದರೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಕಟ್ಟಬೇಕಾದ ತೆರಿಗೆ, ಮುರಿದುಕೊಳ್ಳುವ ಹೊಣೆ ನಿಮ್ಮದು. ನಿವಾಸಿಗಳಿಗೆ ಇರುವ 1% ದರ ಅವನಿಗೆ ಅನ್ವಯಿಸುವುದಿಲ್ಲ. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ತಮ್ಮ ಮೊದಲೇ ಅರ್ಜಿ ಹಾಕಲಿ.

– ಲೆಕ್ಕಪರಿಶೋಧಕರು, ಉಡುಪಿ

ಮರ, ಬಾವಿ, ಪಾರಂಪರಿಕ ಪಟ್ಟಿ

ಮರ ಕಡಿದರಾಯಿತು ಅಂತ ಬಿಲ್ಡರ್ ಸುಲಭವಾಗಿ ಹೇಳುತ್ತಾರೆ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ನಮ್ಮದೇ ಹಿತ್ತಿಲಿನ ಮರವಾದರೂ, ವಿನಾಯಿತಿ ಇರುವ ಜಾತಿಗಳನ್ನು ಬಿಟ್ಟರೆ, ವೃಕ್ಷಾಧಿಕಾರಿಯ ಅನುಮತಿ ಬೇಕು. ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಇದೆಯಾ ಎಂದೂ ಕೇಳಿ. ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಪಟ್ಟಿಯಲ್ಲಿದ್ದರೆ ಕೆಡವುವ ಮಾತೇ ಬೇರೆಯಾಗುತ್ತದೆ, ಆಗ ಬಿಲ್ಡರ್ ಹೇಳಿದ ಬೆಲೆಗೂ ಅರ್ಥ ಇರುವುದಿಲ್ಲ. ಬಾವಿಯಲ್ಲಿ ಏಪ್ರಿಲ್ ತಿಂಗಳಲ್ಲೂ ನೀರು ನಿಲ್ಲುತ್ತದೆ ಅಂತ ಬರೆದಿದ್ದೀರಿ. ಈ ಬೇಸಿಗೆಯಲ್ಲಿ ನೀರಿನ ಮಟ್ಟ ಅಳೆದು, ನೀರನ್ನು ಪರೀಕ್ಷೆಗೆ ಕೊಟ್ಟು, ಆ ವರದಿಯನ್ನೂ ಮೌಲ್ಯಮಾಪಕರ ಕೈಗೆ ಕೊಡಿ.

– ಶಾಲಾ ಶಿಕ್ಷಕಿ, ನಂಜನಗೂಡು