ಸಹಾಯ ಬೇಕು: ಕೊಪ್ಪಳದ ಉಚಿತ ಚಿತ್ರೋತ್ಸವಕ್ಕೆ ಸಾಮಾನು, ಸಬ್‌ಟೈಟಲ್ ಮಾಡುವವರು

ಎಲ್ಲರಿಗೂ ನಮಸ್ಕಾರ. ಕೊಪ್ಪಳದಲ್ಲಿ ಸ್ವತಂತ್ರ, ಪ್ರಯೋಗಾತ್ಮಕ ಚಿತ್ರಗಳನ್ನು ಎರಡು ಸಂಜೆ ಬಯಲಲ್ಲೇ ತೋರಿಸುತ್ತಿದ್ದೇವೆ. ಟಿಕೆಟ್ ಇಲ್ಲ, ಪ್ರಾಯೋಜಕರೂ ಇಲ್ಲ.

ಪ್ರೊಜೆಕ್ಟರ್ 5000 ಲ್ಯೂಮೆನ್‌ಗೆ (ಬೆಳಕಿನ ಅಳತೆ) ಕಡಿಮೆ ಬೇಡ. ಮದುವೆಗೆ ಬಾಡಿಗೆ ಕೊಡುವ ಸಣ್ಣದು 16 ಅಡಿ ಪರದೆಗೆ ಸಾಲದು, ಬೀದಿದೀಪ ಬಿದ್ದರಂತೂ ರಾತ್ರಿಯ ದೃಶ್ಯಗಳೆಲ್ಲ ಬರೀ ಬೂದುಬಣ್ಣ. ಪರದೆಯ ನಾಲ್ಕೂ ಅಂಚಿಗೆ ಹಗ್ಗ ಕಟ್ಟಲು ರಿಂಗ್ ಇರಲಿ; ಗಾಳಿಗೆ ಹಾಯಿಯಂತೆ ಉಬ್ಬಿದರೆ ಫೋಕಸ್ ನಿಲ್ಲುವುದಿಲ್ಲ. ಜನರೇಟರ್ ಇದೆ, ಯುಪಿಎಸ್ ಇಲ್ಲ. ಕರೆಂಟ್ ಫಟ್ಟನೆ ಹೋದರೆ ಫ್ಯಾನ್ ನಿಂತು ಪ್ರೊಜೆಕ್ಟರಿನ ಲ್ಯಾಂಪ್ ಕಾವಿಗೆ ಕೆಡುತ್ತದೆ.

ಹೆಚ್ಚು ತಲೆನೋವು ಸಬ್‌ಟೈಟಲ್‌ದು. ಕನ್ನಡಕ್ಕೆ ತರುವ ಇಬ್ಬರು ಬೇಕು. ಎಸ್‌ಆರ್‌ಟಿ ಫೈಲನ್ನು (ಸಬ್‌ಟೈಟಲ್ ಸಾಲು, ಸಮಯ ಇರುವ ಪಠ್ಯದ ಫೈಲು) ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲೇ ಉಳಿಸಿ, ಇಲ್ಲದಿದ್ದರೆ ಅಕ್ಷರದ ಬದಲು ಪ್ರಶ್ನೆಚಿಹ್ನೆ ಬರುತ್ತವೆ. ಕೆಲವು ಪ್ಲೇಯರ್‌ಗಳು ಒತ್ತಕ್ಷರ ಒಡೆಯುತ್ತವೆ, ಆದ್ದರಿಂದ ಕೊನೆಯ ಪ್ರತಿಯಲ್ಲಿ ಸಾಲುಗಳನ್ನು ಚಿತ್ರದೊಳಗೇ ಕೂರಿಸಬೇಕು. ಸೆಕೆಂಡಿಗೆ 25 ಫ್ರೇಮಿನ ಪ್ರತಿಗೆ ಮಾಡಿದ ಸಬ್‌ಟೈಟಲನ್ನು 24ರದ್ದಕ್ಕೆ ಹಾಕಬೇಡಿ: ಗಂಟೆಗೆ ಸುಮಾರು ಎರಡೂವರೆ ನಿಮಿಷ ಜಾರುತ್ತದೆ.

ಸೆನ್ಸಾರ್ ಪ್ರಮಾಣಪತ್ರವಿಲ್ಲದ ಚಿತ್ರಗಳಿಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ ಬೇಕು. ಆ ಅರ್ಜಿ ಹಾಕಿ ಗೊತ್ತಿರುವವರು ಮೊದಲು ಬರೆಯಿರಿ, ಉಳಿದದ್ದು ಆಮೇಲೆ. ರಾಯಚೂರು, ಬಳ್ಳಾರಿಯಿಂದ ಸಾಮಾನು ಕೊಟ್ಟರೆ ಸಾಗಣೆ ಖರ್ಚು ನಮ್ಮದು.