ಕಪ್ಪು ಕಾರಿಗೆ ಮೆಷಿನ್ ಪಾಲಿಶ್ ಆದಮೇಲೆ ಬಿಸಿಲಲ್ಲಿ ಮಬ್ಬು

ಪ್ರಶ್ನೆ:
ಕಪ್ಪು ಹೋಂಡಾ ಸಿಟಿ. 15 ಎಂಎಂ ಥ್ರೋ (ಪ್ಯಾಡ್ ಓಲಾಡುವ ಅಳತೆ) ಇರುವ ಡಿಎ ಮೆಷಿನ್ (ಸುತ್ತುತ್ತಲೇ ಓಲಾಡುವ ಡ್ಯುಯಲ್ ಆಕ್ಷನ್ ಪಾಲಿಶರ್), 5 ಇಂಚಿನ ಮೈಕ್ರೋಫೈಬರ್ ಪ್ಯಾಡ್, ಸ್ಪೀಡ್ 5. ಕಾಂಪೌಂಡ್ (ಗೀರು ತೆಗೆಯುವ ಒರಟು ಪಾಲಿಶ್) ಹೊಡೆದ ಮೇಲೆ ಗೀರು ಹೋಗಿದೆ, ಆದರೆ ಬಿಸಿಲಿಗೆ ತಂದರೆ ಬಾನೆಟ್ ಮೇಲೆ ಬೂದು ಬಣ್ಣದ ಮಬ್ಬು. ಟ್ಯೂಬ್‌ಲೈಟ್‌ನಲ್ಲಿ ಏನೂ ಕಾಣಲ್ಲ. ಅದೇ ಪ್ಯಾಡ್‌ನಲ್ಲಿ ಫೈನ್ ಪಾಲಿಶ್ ಹಾಕಿದರೂ ಹೋಗ್ತಿಲ್ಲ.

ಉತ್ತರ 1:
ಮೊದಲು ಅದು ಎಣ್ಣೆಯ ಪದರವೋ, ಗೀರೋ ನೋಡಿ. ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಐದಾರು ಪಾಲು ನೀರು ಬೆರೆಸಿ ಅರ್ಧ ಅಡಿ ಜಾಗಕ್ಕೆ ಸ್ಪ್ರೇ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಹೊಸ ಮೈಕ್ರೋಫೈಬರ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಇದಕ್ಕಿಂತ ಸ್ಟ್ರಾಂಗ್ ಬೇಡ, ಮೆತ್ತಗಿನ ಕ್ಲಿಯರ್ ಕೋಟ್‌ಗೆ (ಬಣ್ಣದ ಮೇಲಿನ ಪಾರದರ್ಶಕ ಪದರ) ಒರೆಸುವಾಗಲೇ ಗೀರು ಬೀಳುತ್ತೆ. ಮಬ್ಬು ಹೋದರೆ ಪಾಲಿಶ್ ಎಣ್ಣೆ. ಹೋಗದಿದ್ದರೆ ಪ್ಯಾಡ್ ಎಬ್ಬಿಸಿದ ಸಣ್ಣ ಗೀರುಗಳು.

ನೀವು ಹೇಳಿದ್ದು ನೋಡಿದರೆ ಎರಡನೆಯದೇ. ಮೈಕ್ರೋಫೈಬರ್ ಪ್ಯಾಡ್‌ನಲ್ಲಿ ಪಾಲಿಶ್ ಜೊತೆಗೆ ಪ್ಯಾಡ್‌ನ ಎಳೆಗಳೂ ಬಣ್ಣವನ್ನು ಕೊರೆಯುತ್ತವೆ. ಸಾಲದ್ದಕ್ಕೆ ಒಳಗೆ ಹಳೆ ಕಾಂಪೌಂಡ್ ಉಳಿದಿರುತ್ತೆ. ಹಾಗಾಗಿ ಅದರಲ್ಲಿ ಎಂಥ ಫೈನ್ ಪಾಲಿಶ್ ಹಾಕಿದರೂ ಹೊಸ ಮಬ್ಬು ಏಳುತ್ತಲೇ ಇರುತ್ತೆ.

ಹೊಸ ಮೆತ್ತನೆ ಫಿನಿಶಿಂಗ್ ಫೋಮ್ ಪ್ಯಾಡ್ ತಗೊಳ್ಳಿ. ಮೊದಲ ಸಲ ಪ್ಯಾಡ್‌ನ ಮುಖಕ್ಕೆಲ್ಲ ಪಾಲಿಶ್ ತೆಳ್ಳಗೆ ಸವರಿ, ಆಮೇಲೆ ಪ್ರತಿ ಜಾಗಕ್ಕೂ ಬಟಾಣಿ ಗಾತ್ರದ 3 ಹನಿ ಸಾಕು. ಒಂದೂವರೆ ಅಡಿ ಚೌಕ, ಸ್ಪೀಡ್ 3ರಿಂದ 4, ಅಡ್ಡಕ್ಕೂ ಉದ್ದಕ್ಕೂ ಅರ್ಧರ್ಧ ಓವರ್‌ಲ್ಯಾಪ್ ಮಾಡುತ್ತಾ ನಿಧಾನಕ್ಕೆ ನಾಲ್ಕೈದು ಪಾಸ್ (ಇಡೀ ಚೌಕದ ಮೇಲೆ ಒಂದು ಸಲ ಹೋದರೆ ಒಂದು ಪಾಸ್). ಕೊನೆಯ ಎರಡು ಪಾಸ್‌ನಲ್ಲಿ ಕೈ ಒತ್ತಬೇಡಿ, ಮೆಷಿನ್‌ನ ಭಾರವೇ ಸಾಕು. ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟಿಸುವ ತಟ್ಟೆ) ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಟ್ಟರೆ ಪ್ಯಾಡ್ ಸುತ್ತುತ್ತಿದೆಯೋ, ಬರೀ ಅದುರುತ್ತಿದೆಯೋ ಗೊತ್ತಾಗುತ್ತೆ.

ಪ್ರಶ್ನೆ ಕೇಳಿದವರು:
ಆಲ್ಕೊಹಾಲ್‌ಗೆ ಹೋಗಲಿಲ್ಲ, ಗೀರೇ. ಫೋಮ್ ಪ್ಯಾಡ್ ಹಾಕಿದೆ. ಮೊದಲ ಎರಡು ಜಾಗ ಕನ್ನಡಿ ಥರ ಬಂತು. ಮುಂದಿನ ಜಾಗಗಳಲ್ಲಿ ಮತ್ತೆ ಸ್ವಲ್ಪ ಮಬ್ಬು. ಪಾಲಿಶ್ ಬದಲಿಸಬೇಕಾ?

ಉತ್ತರ 2:
ಪಾಲಿಶ್ ಬದಲಿಸಬೇಡಿ. ಮೊದಲೆರಡು ಜಾಗ ಚೆನ್ನಾಗಿ ಬಂದು ಆಮೇಲೆ ಕೆಟ್ಟಿದೆ ಅಂದರೆ ಪ್ಯಾಡ್ ತುಂಬಿದೆ. ಕಿತ್ತು ಬಂದ ಬಣ್ಣದ ಪುಡಿಯೂ ಒಣಗಿದ ಪಾಲಿಶೂ ಫೋಮ್ ಮೇಲೆ ಗಟ್ಟಿಯಾಗಿ ಕೂತು ಗೀಚುತ್ತವೆ. ಪ್ರತಿ ಜಾಗ ಮುಗಿದ ಮೇಲೆ ಮೆಷಿನ್ ಮೆಲ್ಲಗೆ ಓಡುವಾಗ ಪ್ಯಾಡ್‌ಗೆ ಮೆತ್ತನೆ ನೈಲಾನ್ ಬ್ರಷ್ ಹಿಡಿಯಿರಿ, ಇಲ್ಲವೇ ಏರ್ ಹೊಡೆಯಿರಿ. ಎರಡು ಪ್ಯಾನೆಲ್‌ಗೆ ಒಂದು ಪ್ಯಾಡ್ ಬದಲಿಸಿ, ಇಡೀ ಕಾರಿಗೆ ಐದಾರು ಇಟ್ಟುಕೊಳ್ಳಿ. ಪ್ಯಾಡ್ ಬಿಸಿಯಾದರೂ ಬದಲಿಸಿ. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಬಿಸಿಲಲ್ಲಿ ನಿಂತ ಕಾರಿಗೆ ಹಚ್ಚಿದರೆ ಪಾಲಿಶ್ ಅರ್ಧಕ್ಕೇ ಒಣಗುತ್ತೆ.

ಒರೆಸುವ ಬಟ್ಟೆಯನ್ನೂ ಅನುಮಾನಿಸಿ. ಟಾರ್ಚ್ ಓರೆಯಾಗಿ ಹಿಡಿದು ನೋಡಿ: ಪ್ಯಾಡ್‌ನ ಮಬ್ಬಿನಲ್ಲಿ ಅಲ್ಪವಿರಾಮದಂಥ ಬಾಗಿದ ಚೂರುಗಳು ಎಲ್ಲ ದಿಕ್ಕಿಗೂ ಇರುತ್ತವೆ, ಬಟ್ಟೆಯದಾದರೆ ಒರೆಸಿದ ದಿಕ್ಕಿಗೇ ನೇರ ಗೆರೆ.

ಉತ್ತರ 1:
ಇದು ಸರಿ. ಇನ್ನೊಂದು, ಮಬ್ಬು ಉಳಿದ ಜಾಗಕ್ಕೆ ಮತ್ತೆ ಕಾಂಪೌಂಡ್ ಹಾಕಬೇಡಿ, ಕ್ಲಿಯರ್ ಕೋಟ್ ಸುಮ್ಮನೆ ಸವೆಯುತ್ತೆ. ಫೈನ್ ಪಾಲಿಶೇ ಮತ್ತೊಂದು ಸುತ್ತು ಕೊಡಿ. ಗ್ಲೇಜ್ (ಗೀರು ತುಂಬಿ ಮರೆಮಾಡುವ ಕ್ರೀಮ್) ಹಚ್ಚಿ ಮುಚ್ಚಿದರೆ ಕೆಲವೇ ವಾಶ್‌ನಲ್ಲಿ ಮಬ್ಬು ವಾಪಸ್ ಬರುತ್ತೆ. ಬಿಸಿಲಲ್ಲಿ ನೋಡಿ ಖಾತ್ರಿಯಾದ ಮೇಲೆಯೇ ಹೊಳಪು ಕಾಯುವ ವ್ಯಾಕ್ಸ್ ಅಥವಾ ಸೀಲಂಟ್.